25–0–0ರ ಓದು: ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡದ 1992ರ ಋತು ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವಿಷಯ ಮತ್ತು ವಿಧಾನ

ಅಮೆರಿಕದ ಕಾಲೇಜು ಮಹಿಳಾ ಫುಟ್‌ಬಾಲ್‌ನ ಚರಿತ್ರೆ ಬರೆಯುವವರೆಲ್ಲ ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ತಂಡ 1992ರಲ್ಲಿ ಆಡಿದ ಋತುವನ್ನು ಉಲ್ಲೇಖಿಸುತ್ತಾರೆ. ಆಡಿದ್ದು 25 ಪಂದ್ಯ, ಗೆದ್ದದ್ದು 25. ರಾಷ್ಟ್ರೀಯ ಫೈನಲ್‌ನಲ್ಲಿ ನೆರೆಯ ಡ್ಯೂಕ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿದ್ದು 9–1ರಿಂದ. ಈ ಎರಡು ಸಂಗತಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಇವುಗಳ ಜೊತೆಗೇ ಬರುವ ಬೇರೆ ಕೆಲವು ಅಂಕಿಗಳು ಒಂದರೊಡನೊಂದು ಹೊಂದುವುದಿಲ್ಲ. ಅದು ತಂಡದ ಎಷ್ಟನೇ ಪ್ರಶಸ್ತಿ, ಯಾವ ಅಜೇಯ ಓಟದ ಭಾಗ, ಆಟಗಾರ್ತಿ ಮಿಯಾ ಹ್ಯಾಮ್ ಇದ್ದ ಋತುಗಳಲ್ಲಿ ತಂಡ ಆಡಿದ ಒಟ್ಟು ಪಂದ್ಯಗಳೆಷ್ಟು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳಲ್ಲಿ ಒಂದೊಂದು ಅಂಕಿಯ ವ್ಯತ್ಯಾಸ ಕಾಣುತ್ತದೆ.

ಒಂದು ಅಂಕಿಯ ವ್ಯತ್ಯಾಸ ಚಿಕ್ಕದು ಎನಿಸಬಹುದು. 25–0–0ದಂಥ ದಾಖಲೆಯ ಮಹತ್ವವೆಲ್ಲ ನಿಖರತೆಯಲ್ಲೇ ಇರುವುದರಿಂದ, ಅದರ ಸುತ್ತಲಿನ ಅಂಕಿಗಳಿಗೂ ಅದೇ ನಿಖರತೆ ಸಲ್ಲಬೇಕು ಎಂಬುದು ಈ ಟಿಪ್ಪಣಿಯ ನಿಲುವು.

ಮುಂದಿನ ವಿಭಾಗಗಳಲ್ಲಿ ಹೇಳಿಕೆಗಳನ್ನು ಮೂರು ದರ್ಜೆಗಳಲ್ಲಿ ಇಡಲಾಗಿದೆ. (ಅ) ನೇರ ದಾಖಲೆ: ಋತುವಾರು ಫಲಿತಾಂಶ, ಫೈನಲ್‌ಗಳ ಅಂಕಿ ಇತ್ಯಾದಿ. (ಆ) ಸಾಧಿತ: ನೇರ ದಾಖಲೆಗಳನ್ನು ಕೂಡಿ ಕಳೆದು ಪಡೆದದ್ದು. (ಇ) ಸಂಭಾವ್ಯ: ಲೆಕ್ಕಕ್ಕೆ ಹೊಂದಿಕೊಳ್ಳುವ, ಆದರೆ ಲೆಕ್ಕವೊಂದರಿಂದಲೇ ಸಿದ್ಧವಾಗದ ವಿವರಣೆ. ಒಂದು ದರ್ಜೆಯ ಹೇಳಿಕೆಯನ್ನು ಇನ್ನೊಂದರಂತೆ ಉಲ್ಲೇಖಿಸದಿರುವುದು ಒಳಿತು.

2. ಅಂಕಿಗಳ ಬರಹಕ್ರಮ

2.1. ಅಮೆರಿಕದ ಕಾಲೇಜು ದಾಖಲೆಗಳಲ್ಲಿ ಮೂರು ಅಂಕಿಗಳ ಕ್ರಮ ಗೆಲುವು–ಸೋಲು–ಡ್ರಾ. ಯುರೋಪಿನ ಹಾಗೂ ಭಾರತದ ಲೀಗ್ ಪಟ್ಟಿಗಳಲ್ಲಿ ಡ್ರಾ ನಡುವೆ ಬಂದು ಸೋಲು ಕೊನೆಗೆ ಹೋಗುತ್ತದೆ. 25–0–0 ಯಾವ ಕ್ರಮದಲ್ಲಿ ಓದಿದರೂ ಒಂದೇ. ಆದರೆ ಇದೇ ತಂಡದ 1988ರ ದಾಖಲೆಯಾದ 18–0–3ನ್ನು ನಮ್ಮ ರೂಢಿಯಂತೆ ಓದಿದರೆ ಮೂರು ಸೋಲು ಎಂದಾಗುತ್ತದೆ. ವಾಸ್ತವದಲ್ಲಿ ಅದು ಮೂರು ಡ್ರಾ, ಸೋಲು ಒಂದೂ ಇಲ್ಲ. ಈ ಟಿಪ್ಪಣಿಯಲ್ಲಿ ಉದ್ದಕ್ಕೂ ಅಮೆರಿಕದ ಕ್ರಮವನ್ನೇ ಅನುಸರಿಸಲಾಗಿದೆ.

2.2. ಪೆನಾಲ್ಟಿ ಶೂಟೌಟ್‌ನಲ್ಲಿ ನಿರ್ಣಯವಾದ ಪಂದ್ಯ ದಾಖಲೆಯಲ್ಲಿ ಡ್ರಾ ಎಂದೇ ನಮೂದಾಗುತ್ತದೆ. ಮುಂದಿನ ಸುತ್ತಿಗೆ ಹೋಗುವವರು ಯಾರು, ಪ್ರಶಸ್ತಿ ಯಾರಿಗೆ ಎಂಬುದನ್ನಷ್ಟೇ ಶೂಟೌಟ್ ನಿರ್ಧರಿಸುತ್ತದೆ. 2004ರಲ್ಲಿ ನಾಟರ್ ಡೇಮ್ ತಂಡ ಯುಸಿಎಲ್‌ಎ ಜೊತೆಗಿನ ಫೈನಲ್ ಅನ್ನು 1–1ರಲ್ಲಿ ಮುಗಿಸಿ, ಶೂಟೌಟ್‌ನಲ್ಲಿ 4–3ರಿಂದ ಗೆದ್ದು ಚಾಂಪಿಯನ್ ಆಯಿತು. ಅದರ ಋತು ದಾಖಲೆ 25–1–1. ಕೊನೆಯ ‘1’ ಆ ಫೈನಲ್ಲೇ.

2.3. ಇದರ ಮರುಮುಖವೂ ಉಂಟು. 1988ರಲ್ಲಿ ಉತ್ತರ ಕೆರೊಲಿನಾ ಇಡೀ ಋತುವಿನಲ್ಲಿ ಸೋಲಲಿಲ್ಲ. ಆದರೂ ಆ ವರ್ಷದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಪಂದ್ಯಾವಳಿಯ ಪ್ರಶಸ್ತಿ ಶೂಟೌಟ್ ಮೂಲಕ ನಾರ್ತ್ ಕೆರೊಲಿನಾ ಸ್ಟೇಟ್ ತಂಡದ ಪಾಲಾಯಿತು. ರಾಷ್ಟ್ರೀಯ ಫೈನಲ್‌ನಲ್ಲಿ ಅದೇ ಎದುರಾಳಿಯನ್ನು ಉತ್ತರ ಕೆರೊಲಿನಾ 4–1ರಿಂದ ಸೋಲಿಸಿತು. ಆದ್ದರಿಂದ ‘ಅಜೇಯ’ ಎಂಬ ವಿಶೇಷಣ, ‘ಎಲ್ಲ ಪಂದ್ಯ ಗೆದ್ದ’ ಎಂಬ ವಿಶೇಷಣ ಮತ್ತು ‘ಎಲ್ಲ ಪ್ರಶಸ್ತಿ ಗೆದ್ದ’ ಎಂಬ ವಿಶೇಷಣ ಮೂರೂ ಬೇರೆ ಬೇರೆ. 1992ಕ್ಕೆ ಮೊದಲನೆಯದೂ ಎರಡನೆಯದೂ ಏಕಕಾಲದಲ್ಲಿ ಅನ್ವಯಿಸುತ್ತವೆ; 1986ರಿಂದ 1989ರವರೆಗಿನ ನಾಲ್ಕು ಋತುಗಳಿಗೆ ಮೊದಲನೆಯದು ಮಾತ್ರ.

2.4. ಋತುವಿನ ವರ್ಷವೆಂದರೆ ಶರತ್ಕಾಲದ ವರ್ಷ. ಪಂದ್ಯಗಳು ಶೈಕ್ಷಣಿಕ ವರ್ಷದ ಮೊದಲ ಭಾಗದಲ್ಲೇ ಆರಂಭವಾಗಿ ಮುಗಿಯುವುದರಿಂದ 1992ರ ಮಟ್ಟಿಗೆ ತೊಡಕಿಲ್ಲ. ಕೋವಿಡ್ ಕಾರಣದಿಂದ 2020ರ ಋತುವಿನ ಫೈನಲ್ 2021ರ ಮೇ 17ರಂದು ನಡೆಯಿತು. ಋತುವಿನ ವರ್ಷವೂ ಪಂದ್ಯದ ವರ್ಷವೂ ಬೇರೆಯಾದ ನಿದರ್ಶನವಾಗಿ ಅದನ್ನು ಇಲ್ಲಿ ಗುರುತಿಸಲಾಗಿದೆ.

3. ಋತುವಿನ ಚೌಕಟ್ಟು

3.1. ತಂಡದ ತರಬೇತುದಾರ ಆನ್ಸನ್ ಡೊರಾನ್ಸ್. 1979ರಲ್ಲಿ ಮಹಿಳಾ ತಂಡದ ಹೊಣೆ ಹೊತ್ತ ಅವರು 2024ರ ಆಗಸ್ಟ್‌ವರೆಗೆ ಅದೇ ಸ್ಥಾನದಲ್ಲಿದ್ದರು. 1986ರಿಂದ 1994ರವರೆಗೆ ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡಕ್ಕೂ ಅವರೇ ತರಬೇತುದಾರರು. ಎಂದರೆ 1992ರಲ್ಲಿ ಎರಡೂ ಹುದ್ದೆಗಳು ಒಬ್ಬರಲ್ಲೇ ಇದ್ದವು. ಹಿಂದಿನ ವರ್ಷ, 1991ರ ನವೆಂಬರ್ 30ರಂದು, ಚೀನಾದ ಗುವಾಂಗ್‌ಝೌನಲ್ಲಿ ಅವರ ರಾಷ್ಟ್ರೀಯ ತಂಡ ನಾರ್ವೆಯನ್ನು 2–1ರಿಂದ ಸೋಲಿಸಿ ಮೊದಲ ಮಹಿಳಾ ವಿಶ್ವಕಪ್ ಗೆದ್ದಿತ್ತು.

3.2. ಆ ವಿಶ್ವಕಪ್‌ಗೂ 1992ರ ಋತುವಿಗೂ ನೇರ ಸಂಬಂಧವಿದೆ. ಮಿಯಾ ಹ್ಯಾಮ್ 1989ರಲ್ಲಿ ಉತ್ತರ ಕೆರೊಲಿನಾ ಸೇರಿ 1989 ಮತ್ತು 1990ರಲ್ಲಿ ಆಡಿದರು. ವಿಶ್ವಕಪ್ ಸಲುವಾಗಿ 1991ರ ಕಾಲೇಜು ಋತುವನ್ನು ಬಿಟ್ಟರು. ಬಳಿಕ 1992 ಮತ್ತು 1993ರಲ್ಲಿ ಆಡಿದರು. ಅದೇ ವಿಶ್ವಕಪ್ ತಂಡದಲ್ಲಿದ್ದ ಕ್ರಿಸ್ಟೀನ್ ಲಿಲಿ 1989ರಿಂದ 1992ರವರೆಗೆ ಬಿಡುವಿಲ್ಲದೆ ನಾಲ್ಕು ಋತು ಕಾಲೇಜು ತಂಡದಲ್ಲಿದ್ದರು. ಹೀಗಾಗಿ ಇಬ್ಬರೂ ಒಟ್ಟಿಗಿದ್ದ ಋತುಗಳು ಮೂರು: 1989, 1990, 1992. ಲಿಲಿ ಅವರಿಗೆ 1992 ಕೊನೆಯದು, ಹ್ಯಾಮ್ ಅವರಿಗೆ ಕೊನೆಯದಕ್ಕಿಂತ ಒಂದು ಹಿಂದಿನದು. ಈ ಒಂದು ವರ್ಷದ ಸರಿತ ವಿಭಾಗ 6ರಲ್ಲಿ ಮುಖ್ಯವಾಗುತ್ತದೆ.

3.3. ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ ಕೊಡುವ ಹರ್ಮನ್ ಟ್ರೋಫಿ 1991ರಲ್ಲಿ ಲಿಲಿ ಅವರಿಗೆ, 1992 ಮತ್ತು 1993ರಲ್ಲಿ ಹ್ಯಾಮ್ ಅವರಿಗೆ ಸಂದಿತು.

3.4. 1992ರ ಫೈನಲ್ ನಡೆದದ್ದು ಚಾಪೆಲ್ ಹಿಲ್‌ನ ಫೆಟ್ಜರ್ ಮೈದಾನದಲ್ಲಿ. ಅದು ಉತ್ತರ ಕೆರೊಲಿನಾದ ಸ್ವಂತ ಅಂಗಳ. ಎದುರಾಳಿ ಡ್ಯೂಕ್ ಇರುವ ಡರ್ಹ್ಯಾಮ್ ನಗರ ಅಲ್ಲಿಂದ ಹತ್ತಾರು ಮೈಲಿಯೊಳಗೇ ಇದೆ. ಡ್ಯೂಕ್ ಮಹಿಳಾ ತಂಡ ಆರಂಭವಾದದ್ದು 1988ರಲ್ಲಿ. 1992ರದು ಅದರ ಮೊದಲ ರಾಷ್ಟ್ರೀಯ ಫೈನಲ್. ತವರು ಅಂಗಳವೂ ಎದುರಾಳಿಯ ಹೊಸತನವೂ ಫಲಿತಾಂಶದ ಅಂತರಕ್ಕೆ ಎಷ್ಟರಮಟ್ಟಿಗೆ ಕಾರಣವೆಂದು ಅಳೆಯಲು ಒಂದು ಪಂದ್ಯ ಸಾಲದು. ಅವೆರಡನ್ನೂ ಬಿಟ್ಟು 9–1ನ್ನು ಮಾತ್ರ ಉಲ್ಲೇಖಿಸುವುದೂ ಪೂರ್ಣ ಚಿತ್ರವಲ್ಲ.

4. ಹತ್ತನೆಯದೋ ಹನ್ನೊಂದನೆಯದೋ

4.1. 1992ರ ಪ್ರಶಸ್ತಿಯನ್ನು ಕೆಲವೆಡೆ ತಂಡದ ಹತ್ತನೇ ರಾಷ್ಟ್ರೀಯ ಪ್ರಶಸ್ತಿ ಎಂದೂ ಕೆಲವೆಡೆ ಹನ್ನೊಂದನೆಯದು ಎಂದೂ ಎಣಿಸಲು ಸಾಧ್ಯ. ಎರಡೂ ಎಣಿಕೆಗಳು ತಂತಮ್ಮ ಆಧಾರದಲ್ಲಿ ಸರಿ.

4.2. ಅಮೆರಿಕದ ಕಾಲೇಜು ಕ್ರೀಡಾ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ಮಹಿಳಾ ಫುಟ್‌ಬಾಲ್ ಪಂದ್ಯಾವಳಿ ಆರಂಭವಾದದ್ದು 1982ರಲ್ಲಿ. ಅದಕ್ಕೆ ಮುಂಚೆ ಮಹಿಳಾ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುತ್ತಿದ್ದದ್ದು 1971ರಲ್ಲಿ ಸ್ಥಾಪನೆಯಾದ ಎಐಎಡಬ್ಲ್ಯು ಎಂಬ ಪ್ರತ್ಯೇಕ ಸಂಸ್ಥೆ. 1981ರಲ್ಲಿ ಆ ಸಂಸ್ಥೆ ನಡೆಸಿದ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಉತ್ತರ ಕೆರೊಲಿನಾ ಸೆಂಟ್ರಲ್ ಫ್ಲಾರಿಡಾ ತಂಡವನ್ನು 1–0ರಿಂದ ಸೋಲಿಸಿತು. ಮರುವರ್ಷ, 1982ರಲ್ಲಿ, ಎನ್‌ಸಿಎಎಯ ಮೊದಲ ಫೈನಲ್‌ನಲ್ಲೂ ಇವೇ ಎರಡು ತಂಡಗಳು ಎದುರಾದವು. ಉತ್ತರ ಕೆರೊಲಿನಾ 2–0ರಿಂದ ಗೆದ್ದಿತು. ಎರಡು ಪ್ರಶಸ್ತಿಗಳು, ಅವೇ ಎರಡು ತಂಡಗಳು, ಒಂದು ವರ್ಷದ ಅಂತರ, ಬೇರೆ ಆಡಳಿತ ಸಂಸ್ಥೆ: ಗೊಂದಲಕ್ಕೆ ಇದು ಅನುಕೂಲವಾದ ಸನ್ನಿವೇಶ.

4.3. ಎನ್‌ಸಿಎಎ ಪ್ರಶಸ್ತಿಗಳನ್ನು ಮಾತ್ರ ಎಣಿಸಿದರೆ 1982, 1983, 1984, ಬಳಿಕ 1986ರಿಂದ 1992ರವರೆಗೆ ಪ್ರತಿ ವರ್ಷ: ಒಟ್ಟು 10. ನಡುವೆ ತಪ್ಪಿಹೋದ 1985ರಲ್ಲಿ ಫೈನಲ್ ತಲುಪಿಯೂ ಜಾರ್ಜ್ ಮೇಸನ್ ತಂಡಕ್ಕೆ 2–0ರಿಂದ ಸೋತಿತ್ತು. 1981ರದನ್ನು ಸೇರಿಸಿದರೆ 11. ಸತತ ಪ್ರಶಸ್ತಿಗಳ ಲೆಕ್ಕದಲ್ಲಿ 1992ರದು ಏಳನೆಯದು. ಇದರಲ್ಲಿ ಎರಡು ಎಣಿಕೆಗಳಿಗೂ ಭೇದವಿಲ್ಲ.

4.4. ಇದೇ ಭೇದ ಇಂದಿನವರೆಗೂ ಹರಿದುಬಂದಿದೆ. 2024ರ ಡಿಸೆಂಬರ್‌ನಲ್ಲಿ ವೇಕ್ ಫಾರೆಸ್ಟ್ ವಿರುದ್ಧ 1–0ರಿಂದ ಗೆದ್ದ ಪ್ರಶಸ್ತಿ ಎನ್‌ಸಿಎಎ ಲೆಕ್ಕದಲ್ಲಿ 22ನೆಯದು, ಒಟ್ಟು ಲೆಕ್ಕದಲ್ಲಿ 23ನೆಯದು. ಯಾವ ಎಣಿಕೆಯನ್ನು ಬಳಸಿದರೂ ಅದರ ಆಧಾರವನ್ನು ಜೊತೆಗೇ ಹೇಳುವುದು ಸರಿಯಾದ ಕ್ರಮ. 1981ರಲ್ಲಿ ಎನ್‌ಸಿಎಎಯ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಯೇ ಇರಲಿಲ್ಲವಾದ್ದರಿಂದ, ಆ ವರ್ಷದ ಪ್ರಶಸ್ತಿಯನ್ನು ಕೆಳದರ್ಜೆಯದೆಂದು ಬಿಡುವುದಕ್ಕೆ ಆಧಾರ ಕಾಣುವುದಿಲ್ಲ. ಆಗ ಗೆಲ್ಲಬಹುದಾಗಿದ್ದದ್ದನ್ನು ತಂಡ ಗೆದ್ದಿತ್ತು.

5. ಅಜೇಯ ಓಟ, ಗೆಲುವಿನ ಓಟ

5.1. ಈ ತಂಡದ ಹೆಸರಿನಲ್ಲಿ ಮೂರು ದೀರ್ಘ ಓಟಗಳು ದಾಖಲಾಗಿವೆ. (ಅ) 1986–1990: ಸೋಲಿಲ್ಲದೆ 103 ಪಂದ್ಯ, ವಿವರ 97–0–6. (ಆ) 1990–1994: ಸತತ 92 ಗೆಲುವು. (ಇ) 1990–1994: ಸೋಲಿಲ್ಲದೆ 101 ಪಂದ್ಯ. 1992ರ ಋತು ಎರಡನೆಯ ಮತ್ತು ಮೂರನೆಯ ಓಟಗಳ ಒಳಗೆ ಬರುತ್ತದೆ, ಮೊದಲನೆಯದರಲ್ಲಿ ಬರುವುದಿಲ್ಲ. ‘ನೂರಕ್ಕೂ ಹೆಚ್ಚು ಪಂದ್ಯಗಳ ಅಜೇಯ ಓಟ’ ಎಂದು ವರ್ಷ ಸೂಚಿಸದೆ ಬರೆದಾಗ ಮೊದಲನೆಯದಕ್ಕೂ ಮೂರನೆಯದಕ್ಕೂ ಭೇದ ಅಳಿಸಿಹೋಗುತ್ತದೆ.

5.2. ಮೊದಲ ಓಟವನ್ನು ಋತುವಾರು ದಾಖಲೆಗಳಿಂದ ಪರೀಕ್ಷಿಸಬಹುದು:

1986: 24–0–1
1987: 23–0–1
1988: 18–0–3
1989: 24–0–1
ಒಟ್ಟು: 89–0–6, ಪಂದ್ಯ 95

103ರಿಂದ 95 ಕಳೆದರೆ ಉಳಿಯುವುದು 8. ಡ್ರಾಗಳು ಆರೂ ಈ ನಾಲ್ಕು ಋತುಗಳಲ್ಲೇ ಮುಗಿದಿರುವುದರಿಂದ ಆ ಎಂಟೂ ಗೆಲುವುಗಳೇ ಆಗಿರಬೇಕು. 89ಕ್ಕೆ 8 ಸೇರಿಸಿದರೆ 97 ಬರುವುದು ಇದನ್ನು ದೃಢಪಡಿಸುತ್ತದೆ. ಎಂದರೆ 1990ರ ಋತುವಿನ ಮೊದಲ 8 ಪಂದ್ಯಗಳನ್ನು ಗೆದ್ದ ಬಳಿಕ ಸೋಲು ಬಂದಿದೆ. ಈ ಹೇಳಿಕೆಯ ದರ್ಜೆ: ಸಾಧಿತ. ಆ ಸೋಲು 1990ರ ಸೆಪ್ಟೆಂಬರ್ 22ರಂದು, ಕನೆಕ್ಟಿಕಟ್ ವಿರುದ್ಧ, 3–2ರಿಂದ. ಅದೇ ಋತುವಿನ ಫೈನಲ್‌ನಲ್ಲಿ ಅದೇ ಕನೆಕ್ಟಿಕಟ್ ತಂಡವನ್ನು ಉತ್ತರ ಕೆರೊಲಿನಾ 6–0ರಿಂದ ಸೋಲಿಸಿತು.

5.3. 1990ರ ಪೂರ್ಣ ದಾಖಲೆ 20–1–0. ಸೋಲಿಗೆ ಮುನ್ನ 8 ಗೆಲುವು ಎಂದಾದರೆ ಸೋಲಿನ ನಂತರ 12. ಬಳಿಕದ ಋತುಗಳು:

1991: 24–0–0
1992: 25–0–0
1993: 23–0–0

ಈ ಮೂರರ ಮೊತ್ತ 72. 1990ರ ಕೊನೆಯ 12 ಸೇರಿ 84. ಓಟದ ಉದ್ದ 92 ಆಗಬೇಕಾದರೆ 1994ರಲ್ಲಿ 8 ಗೆಲುವುಗಳ ನಂತರ ಅದು ನಿಂತಿರಬೇಕು. ನಿಲ್ಲಿಸಿದ್ದು 1994ರ ಅಕ್ಟೋಬರ್ 2ರಂದು ನಾಟರ್ ಡೇಮ್ ಜೊತೆಗಿನ 0–0 ಡ್ರಾ. ಡ್ರಾ ಸೋಲಲ್ಲವಾದ್ದರಿಂದ ಅಜೇಯ ಓಟ ಅಲ್ಲಿಗೆ ಮುಗಿಯಲಿಲ್ಲ. ಅದೇ ಋತುವಿನಲ್ಲಿ ಮುಂದೆ ಅದನ್ನು ಮುಗಿಸಿದ್ದು ಡ್ಯೂಕ್. 1992ರ ಫೈನಲ್‌ನಲ್ಲಿ ಒಂಬತ್ತು ಗೋಲು ಬಿಟ್ಟುಕೊಟ್ಟಿದ್ದ ತಂಡವೇ ಎರಡು ವರ್ಷಗಳ ಬಳಿಕ ಈ ಓಟಕ್ಕೆ ತಡೆಯೊಡ್ಡಿತೆಂಬುದು ಗಮನಾರ್ಹ.

5.4. ಮೇಲಿನ ಲೆಕ್ಕದಿಂದ 1992ರ ಋತುವಿನ ಸ್ಥಾನ ನಿಖರವಾಗಿ ಗೊತ್ತಾಗುತ್ತದೆ. 1991ರ ಕೊನೆಗೆ 36 ಗೆಲುವುಗಳಾಗಿದ್ದವು. ಆದ್ದರಿಂದ 1992ರ 25 ಪಂದ್ಯಗಳು 92ರ ಓಟದಲ್ಲಿ 37ನೆಯದರಿಂದ 61ನೆಯದರವರೆಗಿನವು. ಓಟದ ನಟ್ಟನಡುವಿನ ಗೆರೆ, ಎಂದರೆ 46 ಮತ್ತು 47ನೇ ಗೆಲುವುಗಳ ನಡುವಣ ಬಿಂದು, 1992ರ ಹತ್ತನೇ ಮತ್ತು ಹನ್ನೊಂದನೇ ಪಂದ್ಯಗಳ ನಡುವೆ ಬೀಳುತ್ತದೆ. ಈ ಓಟದ ಆರಂಭವಾಗಲಿ ಅಂತ್ಯವಾಗಲಿ 1992ರಲ್ಲಿಲ್ಲ. ಮಧ್ಯ ಮಾತ್ರ ಇದೆ.

6. 94 ಅಥವಾ 95

6.1. ಹ್ಯಾಮ್ ಅವರ ಪರಿಚಯ ಬರಹಗಳಲ್ಲಿ ಪದೇಪದೇ ಕಾಣುವ ಒಂದು ವಾಕ್ಯದ ಸಾರಾಂಶ ಹೀಗಿದೆ: ಅವರು ಆಡಿದ 95 ಪಂದ್ಯಗಳಲ್ಲಿ ಉತ್ತರ ಕೆರೊಲಿನಾ ಸೋತದ್ದು ಒಂದರಲ್ಲಿ ಮಾತ್ರ. ಸೋಲಿನ ಸಂಖ್ಯೆಯಲ್ಲಿ ತೊಡಕಿಲ್ಲ, ಅದು 5.2ರಲ್ಲಿ ಹೇಳಿದ 1990ರ ಕನೆಕ್ಟಿಕಟ್ ಪಂದ್ಯ. ತೊಡಕಿರುವುದು 95ರಲ್ಲಿ.

6.2. ಹ್ಯಾಮ್ ಇದ್ದ ನಾಲ್ಕು ಋತುಗಳನ್ನು ಕೂಡಿದರೆ:

1989: 24–0–1, ಪಂದ್ಯ 25
1990: 20–1–0, ಪಂದ್ಯ 21
1992: 25–0–0, ಪಂದ್ಯ 25
1993: 23–0–0, ಪಂದ್ಯ 23
ಒಟ್ಟು: 92–1–1, ಪಂದ್ಯ 94

ಇದು ತಂಡ ಆಡಿದ ಪಂದ್ಯಗಳ ಮೊತ್ತ. ಒಬ್ಬ ಆಟಗಾರ್ತಿ ಅಂಗಳಕ್ಕಿಳಿದ ಪಂದ್ಯಗಳು ಇದಕ್ಕಿಂತ ಕಡಿಮೆಯಿರಬಹುದೇ ಹೊರತು ಹೆಚ್ಚಿರಲಾರವು. ಆದ್ದರಿಂದ ಋತುವಾರು ದಾಖಲೆಗಳನ್ನು ಒಪ್ಪಿಕೊಂಡರೆ 95 ಎಂಬ ಅಂಕಿ ಹ್ಯಾಮ್ ಅವರಿಗೆ ಹೊಂದುವುದಿಲ್ಲ.

6.3. ಈಗ ಲಿಲಿ ಅವರ ನಾಲ್ಕು ಋತುಗಳನ್ನು ನೋಡಬಹುದು:

1989: ಪಂದ್ಯ 25
1990: ಪಂದ್ಯ 21
1991: ಪಂದ್ಯ 24
1992: ಪಂದ್ಯ 25
ಒಟ್ಟು: 93–1–1, ಪಂದ್ಯ 95

ಇಲ್ಲಿ ಪಂದ್ಯ 95, ಸೋಲು ಒಂದು. ಪ್ರಚಲಿತ ವಾಕ್ಯದ ಎರಡೂ ಅಂಕಿಗಳು ಸರಿಹೊಂದುತ್ತವೆ. 1989ರಲ್ಲಿ ಸೇರಿ ಬಿಡುವಿಲ್ಲದೆ ನಾಲ್ಕು ವರ್ಷ ಆಡಿದವರ ಲೆಕ್ಕ ಇದು. ಹ್ಯಾಮ್ ಅವರ ವಿಷಯದಲ್ಲಿ 1991ರ 24ರ ಬದಲು 1993ರ 23 ಬರುವುದರಿಂದ ಮೊತ್ತ ಒಂದು ಇಳಿಯುತ್ತದೆ.

6.4. ಹೀಗಾಗಿ 95 ಎಂಬುದು 1989–1992ರ ತಂಡದ ಮೊತ್ತವಾಗಿದ್ದು, 1989ರಲ್ಲೇ ಸೇರಿದ ಹ್ಯಾಮ್ ಅವರಿಗೆ ನಡುವಿನ ಒಂದು ವರ್ಷದ ಬಿಡುವನ್ನು ಗಣಿಸದೆ ಅನ್ವಯಿಸಲಾಗಿದೆ ಎಂದು ತೋರುತ್ತದೆ. ಈ ವಿವರಣೆಯ ದರ್ಜೆ: ಸಂಭಾವ್ಯ. ಲೆಕ್ಕಕ್ಕೆ ಸೇರದ ಪ್ರದರ್ಶನ ಪಂದ್ಯವೊಂದು ಯಾವುದೋ ಮೂಲದಲ್ಲಿ ಸೇರಿಕೊಂಡಿದ್ದರೂ ಇದೇ ವ್ಯತ್ಯಾಸ ಬರುತ್ತದೆ. ಆದರೆ ಮೊದಲ ವಿವರಣೆಗೆ ಹೊಸ ಪಂದ್ಯವೊಂದನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ. ಆ ಕಾರಣಕ್ಕೆ ಅದಕ್ಕೆ ಆದ್ಯತೆ.

6.5. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 5.2ರಲ್ಲಿ ಕಂಡಂತೆ 1986–1989ರ ನಾಲ್ಕು ಋತುಗಳ ಮೊತ್ತವೂ 95 ಪಂದ್ಯಗಳೇ. ಆದರೆ ಅಲ್ಲಿ ಸೋಲಿಲ್ಲ. ‘ಒಂದು ಸೋಲು’ ಎಂಬ ಅಂಶವಿಲ್ಲದಿದ್ದರೆ ಎರಡು 95ಗಳನ್ನು ಬೇರ್ಪಡಿಸುವುದು ಸಾಧ್ಯವಾಗುತ್ತಿರಲಿಲ್ಲ.

7. ಒಂದೇ ಅಂಕಿ, ಎರಡು ಆಧಾರ

95ರ ಹಾಗೆಯೇ ಇನ್ನೆರಡು ಅಂಕಿಗಳು ಈ ದಾಖಲೆಗಳಲ್ಲಿ ಎರಡೆರಡು ಅರ್ಥಗಳಲ್ಲಿ ಬರುತ್ತವೆ. ಮೂರನ್ನೂ ಒಟ್ಟಿಗೆ ಪಟ್ಟಿ ಮಾಡುವುದು ಉಪಯುಕ್ತ.

7.1. 103: (ಅ) 1986–1990ರ ಅಜೇಯ ಓಟದ ಪಂದ್ಯಗಳು, (ಆ) ಹ್ಯಾಮ್ ಅವರ ಒಟ್ಟು ಕಾಲೇಜು ಗೋಲುಗಳು.

7.2. 92: (ಅ) 1990–1994ರ ಸತತ ಗೆಲುವುಗಳು, (ಆ) ಹ್ಯಾಮ್ ಇದ್ದ ನಾಲ್ಕು ಋತುಗಳಲ್ಲಿ ತಂಡದ ಒಟ್ಟು ಗೆಲುವುಗಳು. ಈ ಎರಡು 92ಗಳು ಒಂದೇ ಪಂದ್ಯಗಳ ಗುಂಪಲ್ಲ. ಮೊದಲನೆಯದರಲ್ಲಿ 1991 ಮತ್ತು 1994ರ ಗೆಲುವುಗಳಿವೆ, 1989ರವು ಇಲ್ಲ. ಎರಡನೆಯದರಲ್ಲಿ 1989ರವು ಇವೆ, 1991 ಮತ್ತು 1994ರವು ಇಲ್ಲ.

7.3. 95: (ಅ) 1986–1989ರ ಪಂದ್ಯಗಳು, (ಆ) 1989–1992ರ ಪಂದ್ಯಗಳು.

ಈ ಹೊಂದಾಣಿಕೆಗಳು ಆಕಸ್ಮಿಕವೆಂದೇ ತಿಳಿಯಬೇಕು. ಆದರೆ ಅವುಗಳ ಪರಿಣಾಮ ಆಕಸ್ಮಿಕವಲ್ಲ. ಒಂದು ಸಂದರ್ಭದಲ್ಲಿ ಪರಿಚಿತವಾದ ಅಂಕಿ ಇನ್ನೊಂದು ಸಂದರ್ಭದಲ್ಲಿ ಕಂಡಾಗ ಅದನ್ನು ಪರಿಶೀಲಿಸದೆ ಒಪ್ಪಿಕೊಳ್ಳುವ ಸಂಭವ ಹೆಚ್ಚು. 1992ರ ಋತು 92(ಅ), 92(ಆ), 95(ಆ) ಮೂರರಲ್ಲೂ ಸೇರಿರುವುದರಿಂದ ಅದರ ಕುರಿತ ಬರಹಗಳಲ್ಲಿ ಈ ಸಂಭವ ಇನ್ನೂ ಹೆಚ್ಚು.

8. 32 ಮತ್ತು 33

8.1. 1992ರಲ್ಲಿ ಹ್ಯಾಮ್ ಅವರ ವೈಯಕ್ತಿಕ ದಾಖಲೆ: 32 ಗೋಲು, 33 ಅಸಿಸ್ಟ್, 97 ಅಂಕ. ಕಾಲೇಜು ಪದ್ಧತಿಯಲ್ಲಿ ಗೋಲಿಗೆ ಎರಡು ಅಂಕ, ಅಸಿಸ್ಟ್‌ಗೆ ಒಂದು. 64ಕ್ಕೆ 33 ಸೇರಿ 97, ಲೆಕ್ಕ ಸರಿಯಿದೆ. ನಾಲ್ಕು ಋತುಗಳ ಒಟ್ಟು ದಾಖಲೆ 103 ಗೋಲು, 72 ಅಸಿಸ್ಟ್, 278 ಅಂಕ. 206ಕ್ಕೆ 72 ಸೇರಿ 278, ಇದೂ ಸರಿಯಿದೆ.

8.2. ಒಟ್ಟಿನಿಂದ 1992ನ್ನು ಕಳೆದರೆ ಉಳಿದ ಮೂರು ಋತುಗಳಿಗೆ 71 ಗೋಲು, 39 ಅಸಿಸ್ಟ್. ಸರಾಸರಿ ಋತುವಿಗೆ 23.7 ಗೋಲು, 13 ಅಸಿಸ್ಟ್. 1992ರ 32 ಗೋಲು ಈ ಸರಾಸರಿಯ ಸುಮಾರು 1.35 ಪಟ್ಟು, 33 ಅಸಿಸ್ಟ್ ಸುಮಾರು 2.5 ಪಟ್ಟು. ಬೇರೆ ಮಾತಿನಲ್ಲಿ, ನಾಲ್ಕು ಋತುಗಳ ಗೋಲುಗಳಲ್ಲಿ 1992ರ ಪಾಲು ಶೇ 31.1, ಅಸಿಸ್ಟ್‌ಗಳಲ್ಲಿ ಶೇ 45.8. ಹ್ಯಾಮ್ ಅವರನ್ನು ಗೋಲು ಹೊಡೆಯುವವರೆಂದೇ ನೆನೆಯುವುದು ರೂಢಿ. ಅವರ ಕಾಲೇಜು ದಾಖಲೆಯಲ್ಲಿ 1992ನ್ನು ಎತ್ತಿ ತೋರಿಸುವುದು ಮಾತ್ರ ಗೋಲಿಗಿಂತ ಅಸಿಸ್ಟ್‌ಗಳ ಅಂಕಣ.

8.3. ಅಸಿಸ್ಟ್ ಅಂಕಣವನ್ನು ಓದುವಾಗ ನಿಯಮವೊಂದನ್ನು ನೆನಪಿಡಬೇಕು. ಕಾಲೇಜು ಪದ್ಧತಿಯಲ್ಲಿ ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಕೊಡಬಹುದು. ಆದ್ದರಿಂದ ಒಂದೇ ಅಸಿಸ್ಟ್ ಎಣಿಸುವ ಲೀಗ್‌ಗಳ ಅಂಕಿಗಳೊಂದಿಗೆ 33ನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಹ್ಯಾಮ್ ಅವರ ಒಂದು ಋತುವನ್ನು ಅವರದೇ ಇನ್ನೊಂದು ಋತುವಿನೊಂದಿಗೆ ಹೋಲಿಸಲು ಈ ಆಕ್ಷೇಪ ಅಷ್ಟಾಗಿ ಅಡ್ಡಿಯಾಗದು.

8.4. ತಾನು ಹೊಡೆದ ಗೋಲಿಗೆ ತನಗೇ ಅಸಿಸ್ಟ್ ಸಿಗುವುದಿಲ್ಲ. ಒಂದೇ ಗೋಲಿಗೆ ಒಬ್ಬರಿಗೆ ಎರಡು ಅಸಿಸ್ಟ್‌ಗಳೂ ಇಲ್ಲ. ಹಾಗಾಗಿ 32 ಮತ್ತು 33 ಕೂಡಿ 65 ಬೇರೆ ಬೇರೆ ಗೋಲುಗಳಾಗುತ್ತವೆ. ತಂಡದ ಪ್ರತಿ ಪಂದ್ಯಕ್ಕೆ ಇದು 2.6. ಉತ್ತರ ಕೆರೊಲಿನಾ ಆ ಋತುವಿನಲ್ಲಿ ಹೊಡೆದ ಗೋಲುಗಳ ಕನಿಷ್ಠ ಮಿತಿಯೂ ಇದರಿಂದ 65 ಎಂದು ಸಿದ್ಧವಾಗುತ್ತದೆ.

8.5. ಹೋಲಿಕೆಗೆ ಎರಡು ಅಂಕಿಗಳು. ಪೋರ್ಟ್‌ಲ್ಯಾಂಡ್ ತಂಡದ ಕ್ರಿಸ್ಟೀನ್ ಸಿಂಕ್ಲೇರ್ 2005ರಲ್ಲಿ 39 ಗೋಲು ಹೊಡೆದರು. ನಾಟರ್ ಡೇಮ್‌ನ ಹಾಲಿ ಮ್ಯಾಂಥೈ 1996ರಲ್ಲಿ 44 ಅಸಿಸ್ಟ್ ಪಡೆದರು. ಎಂದರೆ ಗೋಲಿನ ಅಂಕಣದಲ್ಲಾಗಲಿ ಅಸಿಸ್ಟ್ ಅಂಕಣದಲ್ಲಾಗಲಿ 1992ರ ಹ್ಯಾಮ್ ಮೊದಲಿಗರಲ್ಲ. ಎರಡೂ ಅಂಕಣಗಳಲ್ಲಿ ಮೂವತ್ತನ್ನು ದಾಟಿ, ಎರಡರ ನಡುವೆ ಒಂದೇ ಅಂಕಿಯ ಅಂತರವಿರುವುದು ಅವರ ಋತುವಿನ ಲಕ್ಷಣ.

9. 9–1ರ ಸ್ಥಾನ

9.1. 1982ರಿಂದ 2024ರವರೆಗಿನ ಎನ್‌ಸಿಎಎ ಫೈನಲ್‌ಗಳಲ್ಲಿ 9–1ರ ಎಂಟು ಗೋಲುಗಳ ಅಂತರ ಅತಿ ದೊಡ್ಡದು. ಅದರ ನಂತರದ ಸ್ಥಾನದಲ್ಲಿ ಮೂರು 6–0 ಫಲಿತಾಂಶಗಳಿವೆ: 1990ರಲ್ಲಿ ಕನೆಕ್ಟಿಕಟ್ ವಿರುದ್ಧ, 1993ರಲ್ಲಿ ಜಾರ್ಜ್ ಮೇಸನ್ ವಿರುದ್ಧ, 2003ರಲ್ಲಿ ಮತ್ತೆ ಕನೆಕ್ಟಿಕಟ್ ವಿರುದ್ಧ. ಮೂರರಲ್ಲೂ ಗೆದ್ದದ್ದು ಉತ್ತರ ಕೆರೊಲಿನಾವೇ.

9.2. 1992ರ ಫೈನಲ್‌ನ ಒಂಬತ್ತರಲ್ಲಿ ಮೂರು ಗೋಲು ಹ್ಯಾಮ್ ಅವರವು. ಉಳಿದ ಆರನ್ನಷ್ಟೇ ಇಟ್ಟುಕೊಂಡರೂ ಅಂತರ ಐದಾಗುತ್ತಿತ್ತು. ಆದ್ದರಿಂದ ಈ ಫಲಿತಾಂಶವನ್ನು ಒಬ್ಬರ ಸಾಧನೆಯೆಂದು ಓದುವುದಕ್ಕೆ ಅಂಕಿಗಳ ಬೆಂಬಲ ಕಡಿಮೆ.

9.3. ಫೈನಲ್‌ಗಳ ಸಾಮಾನ್ಯ ಸ್ವರೂಪ ಇದಕ್ಕೆ ವಿರುದ್ಧವಾದದ್ದು. 2009, 2010, 2011ರ ಫೈನಲ್‌ಗಳು 1–0ರಲ್ಲಿ ಮುಗಿದವು. 2013, 2014, 2015ರವೂ 1–0ರಲ್ಲೇ. 2019, 2020, 2021ರ ಮೂರೂ ಫೈನಲ್‌ಗಳು ಡ್ರಾ ಆಗಿ ಶೂಟೌಟ್‌ಗೆ ಹೋದವು. ಬಲಾಢ್ಯ ತಂಡಗಳ ಸಂಖ್ಯೆ ಬೆಳೆದಂತೆ ಅಂತರ ಕುಗ್ಗಿತು ಎಂಬ ವಿವರಣೆ ಯುಕ್ತವೆನಿಸುತ್ತದೆ. ಆದರೆ 2023ರಲ್ಲಿ ಫ್ಲಾರಿಡಾ ಸ್ಟೇಟ್ ಸ್ಟ್ಯಾನ್‌ಫರ್ಡ್ ತಂಡವನ್ನು 5–1ರಿಂದ ಸೋಲಿಸಿದ್ದು ಆ ವಿವರಣೆಗೆ ಮಿತಿ ಹಾಕುತ್ತದೆ.

10. ಇತರ ಋತುಗಳೊಂದಿಗೆ ಹೋಲಿಕೆ

10.1. ಎಲ್ಲ ಪಂದ್ಯಗಳನ್ನೂ ಗೆದ್ದ ಋತು ಎಂಬ ನೆಲೆಯಲ್ಲಿ 1992 ಒಂಟಿಯಲ್ಲ. ಅದರ ಎರಡೂ ಪಕ್ಕಗಳಲ್ಲಿ 1991 ಮತ್ತು 1993 ಇವೆ. 2003ರಲ್ಲಿ ಇದೇ ತಂಡ 27–0–0 ದಾಖಲಿಸಿತು. ಆಗ ರಾಷ್ಟ್ರೀಯ ಪಂದ್ಯಾವಳಿಯ ಕಣದಲ್ಲಿ 64 ತಂಡಗಳಿದ್ದು, ಪ್ರಶಸ್ತಿಗೆ ಆರು ಸುತ್ತು ದಾಟಬೇಕಿತ್ತು. 1992ರ ಕಣ ಅದಕ್ಕಿಂತ ಬಹಳ ಚಿಕ್ಕದು. ಗೆಲುವಿನ ಸಂಖ್ಯೆಯಲ್ಲೂ ಕಣದ ವಿಸ್ತಾರದಲ್ಲೂ 2003ರ ಋತು ಮೇಲು ಎಂಬ ವಾದಕ್ಕೆ ಗಟ್ಟಿ ಆಧಾರವಿದೆ.

10.2. ಪೋರ್ಟ್‌ಲ್ಯಾಂಡ್‌ನ 2005ರ ದಾಖಲೆ 23–0–2. ಫೈನಲ್‌ನಲ್ಲಿ ಯುಸಿಎಲ್‌ಎ ವಿರುದ್ಧ 4–0. ಇದು ಅಜೇಯ ಋತು, ಆದರೆ ಎಲ್ಲ ಪಂದ್ಯ ಗೆದ್ದ ಋತುವಲ್ಲ.

10.3. ದಾಖಲೆಗೂ ಪ್ರಶಸ್ತಿಗೂ ಇರುವ ಸಂಬಂಧ ಎಷ್ಟು ಸಡಿಲವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2008ರಲ್ಲಿ ನಾಟರ್ ಡೇಮ್ ಸತತ 26 ಪಂದ್ಯ ಗೆದ್ದು ಫೈನಲ್‌ಗೆ ಬಂದು, ಅಲ್ಲಿ ಉತ್ತರ ಕೆರೊಲಿನಾಕ್ಕೆ 2–1ರಿಂದ ಸೋತಿತು. 1992ರ ತಂಡಕ್ಕಿಂತ ಒಂದು ಗೆಲುವು ಹೆಚ್ಚು; ಪ್ರಶಸ್ತಿ ಇಲ್ಲ. 2012ರಲ್ಲಿ ಉತ್ತರ ಕೆರೊಲಿನಾ 15–5–3 ದಾಖಲೆಯೊಂದಿಗೆ, ಐದು ಸೋಲುಗಳ ನಂತರವೂ, ಫೈನಲ್‌ನಲ್ಲಿ ಪೆನ್ ಸ್ಟೇಟ್ ತಂಡವನ್ನು 4–1ರಿಂದ ಸೋಲಿಸಿ ಚಾಂಪಿಯನ್ ಆಯಿತು. 25–0–0 ಮತ್ತು 15–5–3 ಎರಡೂ ಪ್ರಶಸ್ತಿಪಟ್ಟಿಯಲ್ಲಿ ಒಂದೊಂದು ಸಾಲನ್ನೇ ಪಡೆಯುತ್ತವೆ.

11. ನಿರ್ಣಯಗಳು

11.1. ನೇರ ದಾಖಲೆ: 1992ರ ಫಲಿತಾಂಶ 25–0–0, ಫೈನಲ್ 9–1, ಹ್ಯಾಮ್ ಅವರ 32 ಗೋಲು, 33 ಅಸಿಸ್ಟ್, ಸತತ ಏಳನೇ ರಾಷ್ಟ್ರೀಯ ಪ್ರಶಸ್ತಿ, ಎನ್‌ಸಿಎಎ ಲೆಕ್ಕದಲ್ಲಿ ಹತ್ತನೆಯದು, 1981ರದನ್ನು ಸೇರಿಸಿದರೆ ಹನ್ನೊಂದನೆಯದು.

11.2. ಸಾಧಿತ: 1992ರ ಪಂದ್ಯಗಳು 92ರ ಗೆಲುವಿನ ಓಟದಲ್ಲಿ 37ರಿಂದ 61ರವರೆಗಿನವು. ಹ್ಯಾಮ್ ಇದ್ದ ನಾಲ್ಕು ಋತುಗಳಲ್ಲಿ ತಂಡ ಆಡಿದ್ದು 94 ಪಂದ್ಯ, ದಾಖಲೆ 92–1–1.

11.3. ಸಂಭಾವ್ಯ: ಪ್ರಚಲಿತವಾದ 95 ಎಂಬ ಅಂಕಿ 1989–1992ರ ತಂಡದ ಮೊತ್ತದಿಂದ ಬಂದಿದೆ.

11.4. 25–0–0 ಎಂಬ ಅಂಕಿಯೊಂದೇ ಈ ಋತುವನ್ನು ಅದರ ನೆರೆಯ ಋತುಗಳಿಂದ ಬೇರ್ಪಡಿಸಲಾರದು. ಬೇರ್ಪಡಿಸುವ ಅಂಶಗಳು ಎರಡು: ಫೈನಲ್‌ನ ಅಂತರ ಮತ್ತು ಹ್ಯಾಮ್ ಅವರ ಅಸಿಸ್ಟ್ ಅಂಕಣ. ಈ ಋತುವನ್ನು ಅತ್ಯುತ್ತಮ ಎಂದು ಕರೆಯುವವರು ಈ ಎರಡನ್ನು ಆಧಾರವಾಗಿಟ್ಟುಕೊಂಡರೆ ವಾದ ಗಟ್ಟಿಯಾಗುತ್ತದೆ. ಗೆಲುವಿನ ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡರೆ 2003ರ 27ಕ್ಕೆ ಉತ್ತರ ಹೇಳಬೇಕಾಗುತ್ತದೆ.

11.5. ಹ್ಯಾಮ್ ಅವರ ಕಾಲೇಜು ದಾಖಲೆಯನ್ನು ಮುಂದೆ ಉಲ್ಲೇಖಿಸುವವರಿಗೆ ಈ ರೂಪವನ್ನು ಸೂಚಿಸಲಾಗಿದೆ: “1989, 1990, 1992, 1993ರ ಋತುಗಳಲ್ಲಿ ತಂಡ ಆಡಿದ 94 ಪಂದ್ಯಗಳಲ್ಲಿ ಒಂದು ಸೋಲು, ಒಂದು ಡ್ರಾ.” ವರ್ಷಗಳನ್ನು ಬಿಡಿಬಿಡಿಯಾಗಿ ಬರೆದರೆ 1991ರ ಬಿಡುವು ತಾನಾಗಿಯೇ ಕಾಣುತ್ತದೆ, ‘1989–1993’ ಎಂದು ಬರೆದರೆ ಅದು ಮರೆಯಾಗಿ, 1991ರ ಪಂದ್ಯಗಳೂ ಲೆಕ್ಕಕ್ಕೆ ಸೇರಿಹೋಗುವ ಸಾಧ್ಯತೆ ಉಳಿಯುತ್ತದೆ.